ಗದ್ದೆಗೆ ಬಡಿಸುವ ಊಟ

ಮೊನ್ನೆ ಊರಿನಿಂದ ಅಣ್ಣ ಫೋನ್ ಮಾಡಿದ್ದ. "ತಮ್ಮಾ, ಉಳಿದ ಗದ್ದೆಗೂ ಅಡಿಕೆ ಸಸಿ ಹಾಕಿಬಿಡುವಾ ಅಂತಿದ್ದೀನಿ. ನೀನೇನಂತೀಯಾ?" ಪುಣೆಯ ಆಫೀಸಿನಲ್ಲಿದ್ದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ನಮ್ಮದು ಸಾಗರ ತಾಲ್ಲೂಕಿನ ತುಮರಿ ಕಡೆಯ ಊರು, ಶರಾವತಿ ಹಿನ್ನೀರಿನ ಆಚೆ ದಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಜ್ಜನ ಹೊಳೆಬದಿಯ ಗದ್ದೆ ಮುಳುಗಿತು. ನಾಡಿಗೆಲ್ಲ ಕರೆಂಟ್ ಹೋಯಿತು. ನಾನು ಏಳನೇ ಕ್ಲಾಸಿನವರೆಗೂ ಓದಿದ್ದು ಚಿಮಣಿ ಬುಡ್ಡಿಯ ಬೆಳಕಿನಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜ ನನ್ನನ್ನು ಕರೆದೊಯ್ದು, ಕೆಸರಿನಲ್ಲಿ ಕಾಣುವ ಹಳೇ ಅಂಚುಗಳನ್ನು ತೋರಿಸುತ್ತಿದ್ದ. ಈಗ ಉಳಿದಿರುವುದು ಆಮೇಲೆ ಅವನು ಕಾಡಂಚಿನಲ್ಲಿ ಕಡಿದು ಸಮ ಮಾಡಿದ ಗದ್ದೆ.

ಆ ಗದ್ದೆಯಲ್ಲೇ ನಾವು ಬೆಳೆದದ್ದು. ಬೇಸಿಗೆಯಲ್ಲಿ ದರಕು ಗುಡಿಸಿ ಕೊಟ್ಟಿಗೆಗೆ ಹಾಕಬೇಕು, ಅದೇ ಗೊಬ್ಬರ. ನಾಟಿಯಲ್ಲಿ ಮಕ್ಕಳಿಗೆ ಸಸಿ ಕಟ್ಟು ಹೊರುವ ಕೆಲಸ, ನಡುನಡುವೆ ಏಡಿ ಹಿಡಿಯುವ ಆಟ. ತೆನೆ ಬಂದರೆ ರಾತ್ರಿ ಮಾಳದಲ್ಲಿ ಕೂತು ಹಂದಿ ಕಾಯುವುದು.

ಆಶ್ವೀಜದ ಹುಣ್ಣಿಮೆಗೆ ಪೈರು ಹೊಡೆಯಾಗಿರುತ್ತದೆ. ನಮ್ಮ ದೀವರ ಲೆಕ್ಕದಲ್ಲಿ ಭೂಮಿ ಆಗ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲ! ಅದೇ ಭೂಮಿ ಹುಣ್ಣಿಮೆ. ಅಮ್ಮ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಿದ್ದಳು. ರಾತ್ರಿಯಿಡೀ ಅಡುಗೆ. ಬೆಳಕು ಹರಿಯುವ ಮೊದಲು ಅಪ್ಪ ಸೊಪ್ಪು, ತರಕಾರಿ ಬೇಯಿಸಿದ ಚರಗವನ್ನು ಗದ್ದೆಗೆ ಬೀರುತ್ತಿದ್ದ. ಆಮೇಲೆ ಪೂಜೆ, ಅಂಚಿನ ಮೇಲೇ ಊಟ.

ಅಣ್ಣನದೂ ತಪ್ಪಲ್ಲ. ನಾಟಿಗೆ ಆಳಿಲ್ಲ, ಬೆಳೆದದ್ದರಲ್ಲಿ ಅರ್ಧ ಹಂದಿಗೆ. ಮನೆಯಲ್ಲಿ ಉಣ್ಣುವುದೂ ಅಂಗಡಿ ಅಕ್ಕಿ. ಅಡಿಕೆಯಾದರೆ ನಾಲ್ಕು ಕಾಸು ಕಾಣಬಹುದು. ಅಜ್ಜನ ಗದ್ದೆಯನ್ನು ನೀರು ನುಂಗಿತು, ಇದನ್ನು ನಾವೇ ಕೈಯಾರೆ ಮುಗಿಸುತ್ತಿದ್ದೇವೆ ಎಂದು ನನಗೆ ಅನ್ನಿಸಿತು. ಆದರೆ ಹಾಗೆ ಹೇಳಲು ಬಾಯಿ ಬರಲಿಲ್ಲ. ನಾನು ನಾಟಿಗೆ ಬಗ್ಗಿ ಇಪ್ಪತ್ತು ವರ್ಷವಾಯಿತು.

ಕೊನೆಗೆ ಕೇಳಿದೆ: "ಎಲ್ಲ ಅಡಿಕೆಯಾದರೆ ಭೂಮಿ ಹುಣ್ಣಿಮೆ ಊಟ ಬಡಿಸೋದು ಯಾವ ಗದ್ದೆಗೆ? ಮೇಲಿನ ಒಂದು ಗದ್ದೆ ಬಿಡು, ನಾಟಿ ಖರ್ಚು ನಾನು ಕೊಡ್ತೀನಿ."

ಅಣ್ಣ ನಕ್ಕ. "ದುಡ್ಡಲ್ಲ ತಮ್ಮಾ, ಆಳು ಬೇಕು. 2025ರಲ್ಲಿ ಸೇತುವೆ ಆಯ್ತು. ಲಾಂಚ್ ಸಿಗಲಿಲ್ಲ ಅನ್ನೋ ನೆಪ ಇನ್ನು ನಡೆಯಲ್ಲ. ನಾಟಿಗೆ ಬರ್ತೀಯಾದ್ರೆ ಹೇಳು, ಬಿಡ್ತೀನಿ."

ಹೊಳೆಬಾಗಿಲಿನ ಸೇತುವೆ ಎರಡೂವರೆ ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ನಾನು ಇನ್ನೂ ಅದರ ಮೇಲೆ ಹೋಗಿಲ್ಲ. ಜುಲೈಗೆ ಎಂಟು ದಿನ ರಜೆ ಕೇಳಿದ್ದೇನೆ. ಕಾರಣದ ಜಾಗದಲ್ಲಿ 'ನಾಟಿ' ಎಂದೇ ಬರೆದಿದ್ದೇನೆ.