ಹಳೆ ಕಂಪ್ಯೂಟರಿಗೆ ನೀಲಿ ಪೋರ್ಟು

2010–11ರ ಸುಮಾರಿಗೆ ಕೊಂಡ ಡೆಸ್ಕ್‌ಟಾಪುಗಳು ಇನ್ನೂ ಎಷ್ಟೋ ಮನೆ, ಅಂಗಡಿ, ಕಚೇರಿಗಳಲ್ಲಿ ದುಡಿಯುತ್ತಿವೆ. ಟೈಪಿಂಗಿಗೆ, ಲೆಕ್ಕಪತ್ರಕ್ಕೆ ಅವು ಧಾರಾಳ ಸಾಕು. ಹೊರಗಿನ ಹಾರ್ಡ್‌ಡಿಸ್ಕ್ ಚುಚ್ಚಿದಾಗಲೇ ಅವುಗಳ ವಯಸ್ಸು ಬಯಲಾಗುವುದು. ಬಹುಪಾಲು ಯಂತ್ರಗಳಲ್ಲಿರುವುದು 2000ದಲ್ಲಿ ಬಂದ ಯುಎಸ್‌ಬಿ 2.0. ಕಾಗದದ ಮೇಲೆ ಅದರ ವೇಗ ಸೆಕೆಂಡಿಗೆ 480 ಮೆಗಾಬಿಟ್. ನಿಜಕ್ಕೂ ದಕ್ಕುವುದು 30–40 ಮೆಗಾಬೈಟ್. ಮದುವೆಯ 20 ಜಿಬಿ ವಿಡಿಯೊ ನಕಲಾಗಲು ಹತ್ತು ನಿಮಿಷ ಬೇಕು. 2008ರ ಯುಎಸ್‌ಬಿ 3.0ರ ಮಿತಿ 5 ಗಿಗಾಬಿಟ್. ಅದರಲ್ಲಿ ಇದೇ ಕೆಲಸ ಮೂರು-ನಾಲ್ಕು ನಿಮಿಷಕ್ಕೆ ಮುಗಿದೀತು. ಅಷ್ಟಾದರೂ ಹಿಡಿಯುವುದು ತಿರುಗುವ ಡಿಸ್ಕಿನ ನಿಧಾನದಿಂದ, ಪೋರ್ಟಿನಿಂದಲ್ಲ.

ಇಂಥ ಯಂತ್ರಕ್ಕೆ 3.0ರ ನೀಲಿ ಪೋರ್ಟು ಬೇಕಾದರೆ ಮದರ್‌ಬೋರ್ಡ್ ಬದಲಿಸಬೇಕಿಲ್ಲ, ಪಿಸಿಐ ಎಕ್ಸ್‌ಪ್ರೆಸ್ ಕಾರ್ಡೊಂದು ಸಾಕು. ಆದರೆ ಕೊಳ್ಳುವ ಮೊದಲು ಡಬ್ಬಿ ಬಿಚ್ಚಿ ಸ್ಲಾಟ್ ನೋಡಬೇಕು, ಏಕೆಂದರೆ ವೇಗವನ್ನು ನಿರ್ಧರಿಸುವುದು ಅದೇ. ಇಂಟೆಲ್ ಜಿ41 ಬೋರ್ಡಿನ ಚಿಕ್ಕ ಎಕ್ಸ್1 ಸ್ಲಾಟ್ ಮೊದಲ ತಲೆಮಾರಿನದು. ಸೆಕೆಂಡಿಗೆ 250 ಮೆಗಾಬೈಟಿಗಿಂತ ಹೆಚ್ಚು ಸಾಗಿಸದು. 2011ರ ಎಚ್61ರಲ್ಲಿ ಅದು ಎರಡನೇ ತಲೆಮಾರಿನದು, 500ರವರೆಗೆ ಬರುತ್ತದೆ. ಹಾರ್ಡ್‌ಡಿಸ್ಕಿಗೆ ಎರಡೂ ಸಾಕು. ಹೊರಗಿನ ಎಸ್‌ಎಸ್‌ಡಿ ಇಟ್ಟುಕೊಂಡವರಿಗೆ ಮಾತ್ರ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಇನ್ನೂ ಹಿಂದಿನ ಉದ್ದನೆಯ ಬಿಳಿ ಪಿಸಿಐ ಸ್ಲಾಟ್ ಒಂದೇ ಇದ್ದರೆ ಈ ಆಸೆ ಬಿಡುವುದೇ ಲೇಸು: ಅದರ ಒಟ್ಟು ಸಾಮರ್ಥ್ಯವೇ 133 ಮೆಗಾಬೈಟ್, ಅದನ್ನೂ ಅಕ್ಕಪಕ್ಕದ ಕಾರ್ಡುಗಳೊಂದಿಗೆ ಹಂಚಿಕೊಳ್ಳಬೇಕು.

ಕರೆಂಟಿನ ವಿಷಯವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಹಳೆ ಪೋರ್ಟ್ 500 ಮಿಲಿಆಂಪಿಯರ್ ಕೊಡುತ್ತಿತ್ತು, ಹೊಸದು 900 ಕೊಡಬೇಕು. ನಾಲ್ಕು ಪೋರ್ಟಿನ ಕಾರ್ಡಾದರೆ ಒಟ್ಟು 18 ವಾಟ್. ಸ್ಲಾಟ್ ಒಂದರಿಂದಲೇ ಅಷ್ಟು ಸಿಗುವ ಭರವಸೆಯಿಲ್ಲ. ಹಾಗಾಗಿ ಪವರ್ ಸಪ್ಲೈನಿಂದ ನೇರ ವೈರು ಜೋಡಿಸುವ ಸಾಕೆಟ್ ಇರುವ ಕಾರ್ಡನ್ನೇ ಕೇಳಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಡಿಸ್ಕ್ ಟಿಕ್ ಟಿಕ್ ಎನ್ನುತ್ತ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುವ ಆಟ ಶುರುವಾಗಬಹುದು.

ವಿಂಡೋಸ್ 8 ಮತ್ತು ನಂತರದವು ಕಾರ್ಡನ್ನು ತಾವೇ ಗುರುತಿಸುತ್ತವೆ, ವಿಂಡೋಸ್ 7ಕ್ಕೆ ಡ್ರೈವರ್ ಹಾಕಬೇಕು. ಲಿನಕ್ಸಿಗೆ 2009ರಿಂದಲೇ ಇದು ಗೊತ್ತು. ಆದರೆ ಹಳೆಯ ಬಯಾಸ್‌ಗೆ ಈ ಪೋರ್ಟುಗಳು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಕೀಬೋರ್ಡನ್ನೂ ಆಪರೇಟಿಂಗ್ ಸಿಸ್ಟಮ್ ಹಾಕುವ ಪೆನ್‌ಡ್ರೈವನ್ನೂ ಹಳೆ ಪೋರ್ಟಿನಲ್ಲೇ ಇಡಿ.

ಇನ್ನೊಂದು ಮಾತು: ಕಂಪ್ಯೂಟರಿನ ಒಳಗಿನ ಡಿಸ್ಕ್ ಇನ್ನೂ ಹಳೆಯದೇ ಆಗಿದ್ದರೆ ಮೊದಲ ಖರ್ಚು ಎಸ್‌ಎಸ್‌ಡಿಗೇ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಹೊರಗಿನಿಂದ ಬಂದ ಫೈಲ್ ಕೊನೆಗೆ ಕೂರುವುದು ಅಲ್ಲೇ ತಾನೆ?

ಎಲ್ಲ ಸರಿಯಾಗಿ ಜೋಡಿಸಿದ ಮೇಲೂ ವೇಗ 35 ಮೆಗಾಬೈಟಿನ ಬಳಿಯೇ ನಿಂತರೆ ಕಾರ್ಡನ್ನು ಬೈಯಬೇಡಿ. ನೀಲಿ ಪೋರ್ಟಿನಲ್ಲಿ ಹಳೆಯ ನಾಲ್ಕು ಸಂಪರ್ಕಗಳ ಜೊತೆ ಹೊಸ ಐದು ಇರುತ್ತವೆ. ಪ್ಲಗ್ಗನ್ನು ಮೆಲ್ಲಗೆ ತೂರಿಸಿದರೆ ಮೊದಲ ನಾಲ್ಕು ತಾಗಿದ ಕೂಡಲೇ ಡಿಸ್ಕ್ 2.0 ಆಗಿಯೇ ಎದ್ದುಬಿಡುವುದುಂಟು. ಕಿತ್ತು, ಈ ಸಲ ಒಂದೇ ಬಾರಿಗೆ ಪೂರ್ತಿ ಒಳಕ್ಕೆ ತಳ್ಳಿ. ಕೇಬಲ್ಲೂ 3.0ರದ್ದೇ ಹೌದೋ ಅಲ್ಲವೋ ನೋಡಿಕೊಳ್ಳಿ.