ಕ್ರೆಡಿಟ್ ಅಂದ್ರೆ ಬಂದ ದುಡ್ಡಾ, ಕೊಡಬೇಕಾದ ದುಡ್ಡಾ?

ಈ ಸಲದ ಪದ ‘ಕ್ರೆಡಿಟ್’. ಇದನ್ನ ಆರಿಸೋಕೆ ಕಾರಣ ನಮ್ಮಮ್ಮ.

ಕಳೆದ ತಿಂಗಳು ತಿಪಟೂರಿನಿಂದ ಅಮ್ಮ ಫೋನ್ ಮಾಡಿದ್ರು. “ನಿಮ್ ಮಾವ ದುಡ್ಡು ಹಾಕಿದಾನೆ ಕಣೋ, ಇಪ್ಪತ್ತು ಸಾವಿರ. ಮೆಸೇಜ್ ಬಂದಿದೆ.” ಮಾವ ಅಂದ್ರೆ ಅಮ್ಮನ ತಮ್ಮ. ಒಂದೂವರೆ ವರ್ಷದಿಂದ ಬಾಕಿ ಇದ್ದ ಕೈಸಾಲ ಅದು. ಖುಷಿಗೆ ಅಮ್ಮ ಮಾವನಿಗೂ ಫೋನ್ ಮಾಡಿ “ದುಡ್ಡು ಬಂತಪ್ಪ” ಅಂದಿದ್ರು. ಮಾವ “ಹೂಂ ಅಕ್ಕ” ಅಂದು ಇಟ್ಟುಬಿಟ್ರಂತೆ!

ಮಾರನೇ ದಿನ ತಂಗಿಯ ಕಾಲೇಜು ಫೀಸಿಗೆ ಕೊನೇ ದಿನ. ನನಗ್ಯಾಕೋ ಅನುಮಾನ ಬಂದು ಸ್ಕ್ರೀನ್‌ಶಾಟ್ ಕಳಿಸಿ ಅಂದೆ. ನೋಡಿದ್ರೆ ಅದು ಒಂದು ಪೇಮೆಂಟ್ ಆ್ಯಪ್‌ನ ಇಂಗ್ಲಿಷ್ ಮೆಸೇಜ್. ನಿಮಗೆ 20,000 ರೂಪಾಯಿ ಕ್ರೆಡಿಟ್ ರೆಡಿ ಇದೆ ಅಂತ. ಅಂದ್ರೆ ಬಂದ ದುಡ್ಡಲ್ಲ, ಬೇಕಾದ್ರೆ ತಗೊಂಡು ಬಡ್ಡಿ ಸಮೇತ ಕಟ್ಟಬೇಕಾದ ಸಾಲ. ಕೊನೆಗೆ ನಾನು ಹೊಸ ಮೈಕಿಗೆ ಅಂತ ಎತ್ತಿಟ್ಟಿದ್ದ ದುಡ್ಡಲ್ಲಿ ಫೀಸ್ ಕಟ್ಟಿದ್ದಾಯ್ತು. ಈ ಎಪಿಸೋಡ್‌ನಲ್ಲೂ ಹಿಂದೆ ಫ್ಯಾನ್ ಸದ್ದು ಕೇಳಿಸ್ತಿದ್ರೆ ಕಾರಣ ಅದೇ.

ಅಮ್ಮನ ತಪ್ಪು ಅಂತ ನನಗೆ ಅನಿಸಲ್ಲ. ಪ್ರತಿ ತಿಂಗಳು ಗೃಹಲಕ್ಷ್ಮಿಯ 2,000 ರೂಪಾಯಿ ಬಂದಾಗ ಬ್ಯಾಂಕ್ ಕಳಿಸೋ ಮೆಸೇಜಲ್ಲೂ ಇರೋದು ಇದೇ ಕ್ರೆಡಿಟ್.

ಬಿಕಾಂ ಮೊದಲನೇ ವರ್ಷದಲ್ಲಿ ನನಗೂ ಇದು ತಲೆ ಕೆಡಿಸಿತ್ತು. ನಮ್ಮ ಲೆಕ್ಕದ ಪುಸ್ತಕದಲ್ಲಿ ಒಳಗೆ ಬಂದದ್ದು ಡೆಬಿಟ್, ಹೊರಗೆ ಹೋದದ್ದು ಕ್ರೆಡಿಟ್ ಅಂತ ಮೇಷ್ಟ್ರು ಉರು ಹೊಡೆಸಿದ್ರು. ಹಾಗಾದ್ರೆ ದುಡ್ಡು ಬಂದಾಗ ಬ್ಯಾಂಕ್ ಯಾಕೆ ಕ್ರೆಡಿಟ್ ಅನ್ನುತ್ತೆ? ಯಾಕಂದ್ರೆ ಆ ಮೆಸೇಜ್ ಬರೋದು ಬ್ಯಾಂಕಿನ ಪುಸ್ತಕದಿಂದ, ನಮ್ಮ ಪುಸ್ತಕದಿಂದಲ್ಲ. ನೀವು ದುಡ್ಡು ಇಟ್ಟಿದ್ದೀರಿ, ಕೇಳಿದಾಗ ಅದು ವಾಪಸ್ ಕೊಡಬೇಕು. ಸಂಬಳ ಬಿದ್ದ ದಿನ ಬ್ಯಾಂಕೇ ನಿಮ್ಮ ಸಾಲಗಾರ! ಆ ಸುಖ ಐದನೇ ತಾರೀಖಿಗೆ ಮುಗಿದುಹೋಗುತ್ತೆ, ಅದು ಬೇರೆ ಮಾತು.

ಕ್ರೆಡಿಟ್ ಕಾರ್ಡಲ್ಲಿ ಇದು ಉಲ್ಟಾ. ಅಲ್ಲಿ ಸಾಲಗಾರರು ನೀವು. ಕ್ರೆಡಿಟ್ ಲಿಮಿಟ್ 50,000 ಅಂದ್ರೆ ನಿಮ್ಮ ಹತ್ರ ಅಷ್ಟು ದುಡ್ಡಿದೆ ಅಂತಲ್ಲ, ಅಷ್ಟರವರೆಗೆ ಸಾಲ ಮಾಡಬಹುದು ಅಂತ. ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟಿ ನಿರಾಳವಾಗಿ ಕೂತರೆ ಉಳಿದದ್ದಕ್ಕೆ ಬಡ್ಡಿ ಓಡ್ತಾನೇ ಇರುತ್ತೆ.

ಪದದ ಬೇರು ಲ್ಯಾಟಿನ್‌ನ ‘ಕ್ರೆಡೆರೆ’. ನಂಬು ಅಂತ ಅರ್ಥ. ಇದೊಂದು ಗೊತ್ತಿದ್ರೆ ಉಳಿದ ಎಷ್ಟೋ ಅರ್ಥ ತಾನಾಗೇ ಬಿಡಿಸಿಕೊಳ್ಳುತ್ತೆ. 300ರಿಂದ 900ರವರೆಗಿನ ಸಿಬಿಲ್ ಸ್ಕೋರ್, ಸಾಲ ಕೊಡೋರು ನಿಮ್ಮನ್ನ ಎಷ್ಟು ನಂಬಬಹುದು ಅನ್ನೋ ಅಂದಾಜು. ಆಫೀಸಲ್ಲಿ ನೀವು ರಾತ್ರಿಯೆಲ್ಲ ಕೂತು ಮಾಡಿದ ಪಿಪಿಟಿಯ ಕ್ರೆಡಿಟ್ಟನ್ನ ಮ್ಯಾನೇಜರ್ ಹೊಡ್ಕೊಂಡ್ರೆ, ನಿಮಗೆ ಸೇರಬೇಕಾದ ಹೆಸರು ಅವರ ಖಾತೆಗೆ ಹೋಯ್ತು. ಸಿನಿಮಾ ಕೊನೆಯಲ್ಲಿ ಹೆಸರುಗಳು ಓಡೋದೂ ಅದಕ್ಕೇ. ಕಾಲೇಜಿನ ಕ್ರೆಡಿಟ್ಟು ನೀವು ಓದಿ ಗಳಿಸಿ ಜಮಾ ಮಾಡಿಕೊಂಡದ್ದು.

ಜಿಎಸ್‌ಟಿಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಮಾತ್ರ ಸ್ವಲ್ಪ ಬಿಡಿಸಿ ಹೇಳ್ತೀನಿ. ಅಂಗಡಿಯವರು ಸರಕು ತರುವಾಗ 180 ರೂಪಾಯಿ ತೆರಿಗೆ ಕೊಟ್ಟಿದ್ದಾರೆ, ಮಾರುವಾಗ ಗಿರಾಕಿಯಿಂದ 250 ವಸೂಲಿ ಮಾಡಿದ್ದಾರೆ. ಮೊದಲೇ ಕೊಟ್ಟ 180 ಅವರ ಕ್ರೆಡಿಟ್, ಸರ್ಕಾರಕ್ಕೆ ಕಟ್ಟಬೇಕಾದ್ದು 70.

ತಮಾಷೆ ಅಂದ್ರೆ ಕನ್ನಡದಲ್ಲಿ ಈ ಗೊಂದಲವೇ ಇಲ್ಲ. ಬಂದದ್ದು ‘ಜಮಾ’, ತಗೊಂಡದ್ದು ‘ಸಾಲ’, ಅಂಗಡಿಯಲ್ಲಾದ್ರೆ ‘ಉದ್ರಿ’. ಆ ಆ್ಯಪ್ ‘ನಿಮಗೆ 20,000 ಸಾಲ ಸಿಗುತ್ತೆ’ ಅಂತ ಕಳಿಸಿದ್ರೆ ಅಮ್ಮ ಅರ್ಧ ಸೆಕೆಂಡಲ್ಲಿ ಡಿಲೀಟ್ ಮಾಡ್ತಿದ್ರು. ಬಹುಶಃ ಅದಕ್ಕೇ ಹಾಗೆ ಬರೆಯಲ್ಲ. ಹಾಗಾಗಿ ಇಂಥ ಮೆಸೇಜ್ ಬಂದ್ರೆ ಮೊದಲು ನೋಡಬೇಕಾದ್ದು ಮೊತ್ತ ಅಲ್ಲ, ಯಾರು ಯಾರಿಗೆ ಕೊಡಬೇಕು ಅನ್ನೋದನ್ನ. ಅನುಮಾನ ಇದ್ರೆ ಬ್ಯಾಂಕ್ ಬ್ಯಾಲೆನ್ಸ್ ತೆಗೆದು ನೋಡಿ.

ಮಾವ ಮೊನ್ನೆ ಕೊನೆಗೂ 5,000 ಹಾಕಿದ್ರು. ಬ್ಯಾಂಕಿನ ಮೆಸೇಜ್ ಬಂತು. ಅಮ್ಮ ಈ ಸಲ ಮಾವನಿಗೆ ಫೋನ್ ಮಾಡೋ ಮೊದಲು ನನಗೆ ಸ್ಕ್ರೀನ್‌ಶಾಟ್ ಕಳಿಸಿ ಕೇಳಿದ್ರು: “ಇದು ಯಾವ ಕ್ರೆಡಿಟ್ಟೋ?”