ಕಣ್ಣು ಹೇಳಿ ಕೆಡುವುದಿಲ್ಲ

ಗದಗ ಎಂದೊಡನೆ ವೀರೇಶ್ವರ ಪುಣ್ಯಾಶ್ರಮ ನೆನಪಾಗುತ್ತದೆ. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳು, ಹಸುಳೆಯಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಸಂಗೀತದಲ್ಲಿ ಏರಿದ ಎತ್ತರ ನಾಡಿಗೆಲ್ಲ ತಿಳಿದಿದೆ. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಅಂಧ ಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟ ಊರಿದು. ಆದರೆ ಇದೇ ಊರಿನಲ್ಲಿ, ಸುತ್ತಲಿನ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ, ಉಳಿಸಿಕೊಳ್ಳಬಹುದಾದ ಕಣ್ಣುಗಳನ್ನೂ ನಾವು ಅಲಕ್ಷ್ಯದಿಂದ ಕಳೆದುಕೊಳ್ಳುತ್ತಿಲ್ಲವೇ?

“ಕಣ್ಣು ಛಲೋ ಕಾಣಿಸ್ತಾವ, ತಪಾಸಣೆ ಯಾಕ ಬೇಕು?” ಎಂದು ಹಲವರು ಕೇಳುತ್ತಾರೆ. ಈ ಪ್ರಶ್ನೆಯಲ್ಲಿಯೇ ಅಪಾಯವಿದೆ. ಹಲ್ಲು ಕೆಟ್ಟರೆ ನೋಯುತ್ತದೆ. ಕಣ್ಣು ಹಾಗಲ್ಲ, ಅದರ ದೊಡ್ಡ ಕಾಯಿಲೆಗಳಲ್ಲಿ ಹಲವು ನೋವಿಲ್ಲದೆಯೇ ಬರುತ್ತವೆ.

ಬೀಳಗಿಯವರಾದ ಡಾ. ಎಂ.ಸಿ. ಮೋದಿ (1916-2005) ಊರೂರು ತಿರುಗಿ ಶಿಬಿರ ನಡೆಸಿ, ಅಸಂಖ್ಯ ಬಡವರ ಕಣ್ಣಿನ ಪೊರೆ ತೆಗೆದರು. ಕುರುಡಾದವರು ಮತ್ತೆ ನೋಡಿದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡರು. ಕಣ್ಣು ಹೋದರೂ ಆಪರೇಷನ್ ಮಾಡಿಸಿದರೆ ಬರುತ್ತದೆ ಎಂಬ ನಂಬಿಕೆ ಬೇರೂರಿತು. ಪೊರೆಯ ಮಟ್ಟಿಗೆ ಅದು ಬಹುಪಾಲು ನಿಜ. ‘ಪೊರೆ ಹಣ್ಣಾಗಲಿ’ ಎಂದು ಈಗ ಕಾಯಬೇಕಾಗಿಯೂ ಇಲ್ಲ. ಆದರೆ ಗ್ಲಾಕೋಮಾದಲ್ಲಿ ಕಣ್ಣಿನ ನರ ನಿಧಾನವಾಗಿ ಸಾಯುತ್ತದೆ. ಮೊದಲು ಅಂಚಿನ ನೋಟ ಹೋಗುತ್ತದೆ, ನೇರ ನೋಟ ಕೊನೆಯವರೆಗೂ ಉಳಿದಿರಬಹುದು. ಹೀಗೆ ಹೋದ ದೃಷ್ಟಿಯನ್ನು ಯಾವ ಶಸ್ತ್ರಚಿಕಿತ್ಸೆಯೂ ಮರಳಿಸದು. ಬೇಗ ಗೊತ್ತಾದರೆ ಮಾತ್ರ, ದಿನವೂ ಹಾಕುವ ಹನಿ ಔಷಧಿಯಂತಹ ಚಿಕಿತ್ಸೆಯಿಂದ ಉಳಿದದ್ದನ್ನು ಕಾಪಾಡಬಹುದು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಈ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು.

ನಮ್ಮ ಭಾಗದಲ್ಲಿ ಕನ್ನಡಕಕ್ಕೆ ‘ಚಾಳೀಸು’ ಎನ್ನುತ್ತಾರೆ. ಉರ್ದು ಬಲ್ಲವರಿಗೆ ಚಾಲೀಸ್ ಎಂದರೆ ನಲವತ್ತು ಎಂಬುದು ಗೊತ್ತು. ಆ ವಯಸ್ಸಿಗೆ ಕಣ್ಣು ತೋರಿಸಬೇಕೆಂದು ಹೆಸರೇ ನೆನಪಿಸುತ್ತದೆ! ಆದರೆ ನಾವೇನು ಮಾಡುತ್ತೇವೆ? ಸಂತೆಯಲ್ಲಿ ಒಂದು ಚಾಳೀಸು ಕೊಂಡು, ಅಕ್ಷರ ಕಂಡಿತೆಂದು ಸುಮ್ಮನಾಗುತ್ತೇವೆ. ಸಂತೆಯ ಕನ್ನಡಕ ಕಣ್ಣಿನ ಒತ್ತಡವನ್ನು ಅಳೆಯುವುದಿಲ್ಲ, ನರವನ್ನು ನೋಡುವುದಿಲ್ಲ. ಬೆಟಗೇರಿಯ ಮಗ್ಗದ ಮುಂದೆ ಎಳೆ ಹಿಡಿಯುವವರಿಗೆ, ಹೊಲಿಗೆ ಯಂತ್ರದಿಂದ ಮನೆ ನಡೆಸುವ ಸಹೋದರಿಯರಿಗೆ ಕಣ್ಣೇ ಬಂಡವಾಳವಲ್ಲವೇ?

ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ಅದು ಅಕ್ಷಿಪಟಲದ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ, ಆರಂಭದಲ್ಲಿ ನೋಟ ಮಸುಕಾಗುವುದೇ ಇಲ್ಲ. ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಹನಿ ಹಾಕಿಸಿ, ಪಾಪೆ ಹಿಗ್ಗಿಸಿ ಒಳಭಾಗ ಪರೀಕ್ಷಿಸಿಕೊಳ್ಳಬೇಕು. ಆ ಹನಿಯಿಂದ ಕೆಲವು ತಾಸು ಮಸುಕು ಇರುತ್ತದೆ. ಬೈಕಿನಲ್ಲಿ ಒಬ್ಬರೇ ಹೋಗದೆ ಯಾರನ್ನಾದರೂ ಜೊತೆಗೆ ಕರೆದೊಯ್ಯಿರಿ.

ಮಕ್ಕಳದ್ದು ಬೇರೆಯೇ ಕಥೆ. ಹಲಗೆಯ ಅಕ್ಷರ ಕಾಣದ ಮಗು ಅದನ್ನು ಹೇಳುವುದಿಲ್ಲ. ಎಲ್ಲರಿಗೂ ಹೀಗೆಯೇ ಕಾಣುತ್ತದೆಂದು ತಿಳಿದಿರುತ್ತದೆ. ಅದಕ್ಕೆ ಸಿಗುವ ಬಿರುದು ‘ದಡ್ಡ’! ಮದ್ರಸದಲ್ಲಿ ಕಿತಾಬನ್ನು ಮೂಗಿಗೆ ತಾಗಿಸಿ ಓದುವ ಮಕ್ಕಳನ್ನು ಗದರಿಸುವ ಬದಲು ಅವರ ಕಣ್ಣು ಪರೀಕ್ಷಿಸಬೇಕು. ಒಂದು ಕಣ್ಣು ಮಾತ್ರ ಮಂದವಾಗಿದ್ದರೆ ಮೆದುಳು ಕ್ರಮೇಣ ಅದನ್ನು ಬಳಸುವುದನ್ನೇ ಬಿಡುತ್ತದೆ. ಏಳೆಂಟು ವರ್ಷದೊಳಗೆ ಚಿಕಿತ್ಸೆ ಸಿಕ್ಕರೆ ಫಲ ಹೆಚ್ಚು, ತಡವಾದಷ್ಟೂ ಕಷ್ಟ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ಆರೋಗ್ಯ ತಪಾಸಣೆ ನಡೆಯುತ್ತದೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ಹೆಣ್ಣು ಮಕ್ಕಳ ವಿಷಯದಲ್ಲಿ ಒಂದು ಮಾತು ನಮ್ಮನ್ನು ನಾಚಿಸಬೇಕು. ‘ಕನ್ನಡಕ ಹಾಕಿದರೆ ಯಾರು ಮದುವೆಯಾಗುತ್ತಾರೆ?’ ಎಂದು ಚೀಟಿಯನ್ನೇ ಮಡಚಿಡುವ ಮನೆಗಳಿವೆ. ಬರಲಿರುವ ಸಂಬಂಧಕ್ಕಾಗಿ ಇಂದಿನ ಓದನ್ನು, ನೋಟವನ್ನು ಕಸಿಯುವುದು ಯಾವ ನ್ಯಾಯ?

ಲಕ್ಷ್ಮೇಶ್ವರ, ಮುಂಡರಗಿಯಿಂದ ಗದಗ ಸುಮಾರು 40 ಕಿ.ಮೀ., ಶಿರಹಟ್ಟಿಯಿಂದ ಇನ್ನೂ ಹತ್ತಿರ. ಗದಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಮೊದಲು ನಿಮ್ಮ ತಾಲೂಕು ಆಸ್ಪತ್ರೆಯಲ್ಲೇ ವಿಚಾರಿಸಿ. ನಲವತ್ತು ದಾಟಿದವರು ಒಂದೆರಡು ವರ್ಷಕ್ಕೊಮ್ಮೆ, ಮಕ್ಕಳು ಶಾಲೆಗೆ ಸೇರುವ ಮುನ್ನ ಮತ್ತು ಅನಂತರ ಆಗಾಗ, ಕಣ್ಣು ತೋರಿಸುವುದು ರೂಢಿಯಾಗಲಿ.

ಇಂದು ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಎರಡೂ ಕಣ್ಣಿಗೆ ಒಂದೇ ರೀತಿ ಕಾಣದಿದ್ದರೆ ನಾಳೆಯೇ ಹೊರಡಿ. ಒಂದೇ ರೀತಿ ಕಂಡಿತೆಂದು ವೈದ್ಯರ ತಪಾಸಣೆಯನ್ನು ಮಾತ್ರ ಬಿಡಬೇಡಿ.